ಅಮ್ಮನ ಅಪಾಯಿಂಟ್‌ಮೆಂಟು, ಕಂಪೌಂಡರನ ಬಿಲ್ಲೆ

"ಜುಲೈ ನಾಕಕ್ಕೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕಲ್ಲೋ, ರಜ ಹಾಕಿದ್ಯಾ?" ಅಂತ ಅಮ್ಮ ಕೇಳಿದ್ದು 2025ರ ಜೂನ್ ಕೊನೆಯ ಒಂದು ಸಂಜೆ.

"ಅವತ್ತು ಇಡೀ ದೇಶಕ್ಕೇ ರಜ ಕಣಮ್ಮ, ಯಾವ ಡಾಕ್ಟ್ರೂ ಸಿಗಲ್ಲ" ಅಂದೆ. ಅಮ್ಮ ಬಿಡಲಿಲ್ಲ. ಫ್ರೀಮಾಂಟಿನ ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಪತ್ರ ತಂದು ತೋರಿಸಿದಳು. ಅದರಲ್ಲಿದ್ದದ್ದು 04/07/2025. ಅರಕಲಗೂಡಿನ ಲೆಕ್ಕದಲ್ಲಿ ಅಮ್ಮ ಓದಿದ್ದು ಸರಿಯಾಗೇ ಇತ್ತು. ಅಮೆರಿಕದ ಲೆಕ್ಕದಲ್ಲಿ ಅದು ಏಪ್ರಿಲ್ ಏಳು. ಕಣ್ಣಿನ ಒತ್ತಡ ನೋಡಬೇಕಿದ್ದ ತಪಾಸಣೆ ತಪ್ಪಿ ಎರಡೂವರೆ ತಿಂಗಳಾಗಿತ್ತು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಹೋದದ್ದೇ, ಮತ್ತೆ ಬರೋದಿಲ್ಲ.

ಮೊದಲು ಕೋಪ ಬಂದಿದ್ದು ಪತ್ರ ಕಳಿಸಿದವರ ಮೇಲೆ. ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ನೆನಪಾಯ್ತು. ವರ್ಷಗಳ ಹಿಂದೆ ಇಂಥದೇ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ನಾನೂ ಇದ್ದೆ. ತಾರೀಖನ್ನು ಹೀಗೇ ಬರೀ ಅಂಕಿಗಳಲ್ಲಿ ತೋರಿಸಿದವನು ನಾನೇ. "ಯೂಸರ್ ಫ್ರೆಂಡ್ಲಿ" ಅಂತ ಎಷ್ಟು ಮೀಟಿಂಗುಗಳಲ್ಲಿ ಹೇಳಿದ್ದೆನೋ. ಆ ಯೂಸರ್ ನಮ್ಮಮ್ಮ ಆಗಿರಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ. ಆಮೇಲೆ ಈ ಪದ್ಧತಿ ಎಲ್ಲಿಂದ ಬಂತು ಅಂತ ಓದ್ತಾ ಕೂತೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ನಮ್ಮೂರ ಕಡೆ ನಾನು ಚಿಕ್ಕವನಿದ್ದಾಗ ಅಪಾಯಿಂಟ್‌ಮೆಂಟು ಅನ್ನೋ ಮಾತೇ ಇರಲಿಲ್ಲ. ಡಾಕ್ಟರ ಶಾಪಿನ ಬಾಗಿಲಲ್ಲಿ ಕಂಪೌಂಡರು ನಂಬರು ಕೊರೆದ ತಗಡಿನ ಬಿಲ್ಲೆ ಕೊಡ್ತಿದ್ದರು. ಆ ಬಿಲ್ಲೆ ಬೆಳಿಗ್ಗೆ ಆರಕ್ಕೇ ಹೋಗಿ ನಿಂತವರಿಗೆ. ಅರ್ಧ ದಿನ ಬೆಂಚಿನ ಮೇಲೆ ಕಳೀತಿತ್ತು. ಆದರೆ ಮಧ್ಯಾಹ್ನ ಆಗುತ್ತಿದ್ದಂತೆ ಕಂಪೌಂಡರು ಬೆಂಚಿನ ಕಡೆ ನೋಡಿ, "ಕೊಣನೂರು ಬಸ್ಸಿನವರು ಯಾರಿದ್ದೀರಿ? ಒಳಗೆ ಹೋಗಿ, ಬಸ್ಸು ತಪ್ಪುತ್ತೆ" ಅಂತಿದ್ದರು. ಯಾರೂ ಜಗಳ ಆಡ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈ ಕಾಯುವಿಕೆಯನ್ನ ಲೆಕ್ಕ ಹಾಕಿ ನೋಡಿದವರಲ್ಲಿ ಮೊದಲಿಗರು ಬ್ರಿಟನ್ನಿನವರು. ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ಎಲ್ಲ ರೋಗಿಗಳಿಗೂ ಒಂದೇ ಸಮಯ ಹೇಳಿ ಗುಂಪಾಗಿ ಕರೆಸುತ್ತಿದ್ದರು. ನಾರ್ಮನ್ ಬೈಲಿ ಅನ್ನೋ ಸಂಖ್ಯಾಶಾಸ್ತ್ರಜ್ಞ, ವೆಲ್ಶ್ ಅನ್ನೋರ ಜೊತೆ ಸೇರಿ, 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅದರಿಂದ ಬಂದ ಸೂತ್ರ ಬಹಳ ಸರಳ. ಶುರುವಿನಲ್ಲಿ ಇಬ್ಬರನ್ನ ಕರೆಸಿ. ಆಮೇಲೆ, ಒಬ್ಬರನ್ನ ನೋಡೋಕೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತೋ ಅಷ್ಟು ಹೊತ್ತಿಗೊಬ್ಬರಂತೆ ಕರೆಸಿ. ಮೊದಲನೆಯವರು ತಡ ಮಾಡಿದರೂ ಡಾಕ್ಟರು ಸುಮ್ಮನೆ ಕೂರೋ ಹಾಗಿಲ್ಲ, ರೋಗಿಯೂ ಇಡೀ ದಿನ ಕಾಯೋ ಹಾಗಿಲ್ಲ.

ಆದರೆ ಸೂತ್ರದೊಳಗೆ ಒಂದು ತೀರ್ಮಾನ ಅಡಗಿ ಕೂತಿದೆ ನೋಡಿ. ಯಾರಾದರೂ ಸ್ವಲ್ಪ ಕಾಯಲೇಬೇಕು ಅಂತಾದರೆ, ಅದು ರೋಗಿ. ಆ ಎರಡನೆಯವನನ್ನ ಕರೆಸೋದೇ ಕಾಯೋದಕ್ಕೆ. ಡಾಕ್ಟರ ಗಂಟೆಗೆ ಬೆಲೆ ಹೆಚ್ಚು ಅನ್ನೋದು ಸುಳ್ಳೇನಲ್ಲ ಅನ್ನಿ. ಆದರೂ ಯಾರ ಸಮಯಕ್ಕೆ ಎಷ್ಟು ಬೆಲೆ ಅನ್ನೋ ಪ್ರಶ್ನೆ ಎಲ್ಲ ಅಪಾಯಿಂಟ್‌ಮೆಂಟ್ ಪುಸ್ತಕಗಳಲ್ಲೂ ಇದ್ದೇ ಇದೆ.

ಕಥೆಯ ಮುಂದಿನ ಭಾಗ ನಮ್ಮ ಕ್ಯಾಲಿಫೋರ್ನಿಯಾದ್ದೇ. ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿದರೆ ಕೊನೆಗೆ ರಿಚ್ಮಂಡ್ ತಲುಪಬಹುದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಹಡಗು ಕಟ್ಟುತ್ತಿದ್ದ ಕಾರ್ಮಿಕರಿಗಾಗಿ ನಡೆಸಿದ ಆರೋಗ್ಯ ಯೋಜನೆಯೇ 1945ರಲ್ಲಿ ಸಾರ್ವಜನಿಕರಿಗೂ ತೆರೆದುಕೊಂಡು ಕೈಸರ್ ಪರ್ಮನೆಂಟೆ ಆಯ್ತು. 1990ರ ದಶಕದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಅದರ ಒಂದು ಶಾಖೆಯಲ್ಲಿ ಸಾಮಾನ್ಯ ಭೇಟಿಗೆ 55 ದಿನ ಕಾಯಬೇಕಿತ್ತು. ಅಲ್ಲಿದ್ದ ಡಾಕ್ಟರ್ ಮಾರ್ಕ್ ಮರ್ರಿ ಮತ್ತು ನರ್ಸ್ ಕ್ಯಾಥರೀನ್ ಟಾಂಟಾವ್ ಒಂದು ಸಣ್ಣ ಪ್ರಶ್ನೆ ಕೇಳಿದರು: ಸರದಿ ವರ್ಷವಿಡೀ 55 ದಿನದಷ್ಟೇ ಇದೆ ಅಂದರೆ ಏನರ್ಥ? ಬರೋರು ಹೆಚ್ಚಾಗಿದ್ದರೆ ಅದು ಬೆಳೀತಾ ಹೋಗಬೇಕಿತ್ತಲ್ಲ? ಅಂದರೆ ದಿನಕ್ಕೆ ಎಷ್ಟು ಜನ ಬರ್ತಾರೋ ಅಷ್ಟೇ ಜನರನ್ನ ನೋಡ್ತಿದ್ದಾರೆ, ಮಧ್ಯೆ 55 ದಿನದ ಹಳೇ ಬಾಕಿ ಸುಮ್ಮನೆ ಕೂತಿದೆ, ಅಷ್ಟೇ. ಸ್ವಲ್ಪ ದಿನ ಹೆಚ್ಚು ದುಡಿದು ಬಾಕಿ ತೀರಿಸಿ, ಆಮೇಲೆ ಇವತ್ತಿನ ಕೆಲಸ ಇವತ್ತೇ ಮುಗಿಸಿ ಅಂದರು. ಒಂದು ವರ್ಷದೊಳಗೆ 55 ದಿನ ಒಂದು ದಿನಕ್ಕೆ ಇಳಿಯಿತು. 2000ದಲ್ಲಿ ಅವರಿಬ್ಬರು ಇದನ್ನು ಬರೆದು ಪ್ರಕಟಿಸಿದ ಮೇಲೆ ಬೇರೆ ದೇಶಗಳೂ ಪ್ರಯತ್ನಿಸಿದವು.

ನನ್ನಂಥ ಸಾಫ್ಟ್‌ವೇರಿನವನಿಗೆ ಇಲ್ಲಿ ಒಂದು ಪಾಠ ಇದೆ. ಅಷ್ಟು ದೊಡ್ಡ ಬದಲಾವಣೆ ಬಂದಿದ್ದು ಹೊಸ ಸ್ಕ್ರೀನಿನಿಂದಲ್ಲ. ಬಾಕಿ ಹಾಗೇ ಇಟ್ಟುಕೊಂಡು ಎಷ್ಟು ಚಂದದ ವೆಬ್‌ಸೈಟ್ ಕಟ್ಟಿದರೂ, ರೋಗಿಗೆ ಕಾಣೋದು 55 ದಿನದಾಚೆಯ ಒಂದು ಖಾಲಿ ಜಾಗ.

ಸ್ಕ್ರೀನುಗಳೂ ಬಂದವು ಅನ್ನಿ. 2010ರ ಹೊತ್ತಿಗೆ ಕೈಸರಿನ ಎಲ್ಲ ಆಸ್ಪತ್ರೆಗಳೂ ಕಂಪ್ಯೂಟರ್ ದಾಖಲೆಗೆ ಬಂದಿದ್ದವು. ಅದೇ ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಇದೆ. ತುರ್ತಿಲ್ಲದ ಭೇಟಿಗೆ ಮಾಮೂಲಿ ಡಾಕ್ಟರು 10 ಕೆಲಸದ ದಿನಗಳೊಳಗೆ, ತಜ್ಞರು 15 ಕೆಲಸದ ದಿನಗಳೊಳಗೆ ಸಿಗುವಂತೆ ವಿಮಾ ಯೋಜನೆಗಳು ನೋಡಿಕೊಳ್ಳಬೇಕು. ಯೋಜನೆಗಳು ದುಭಾಷಿಯನ್ನೂ ಒದಗಿಸಬೇಕು ಅನ್ನೋ ಕಾನೂನು 2003ರಲ್ಲೇ ಆಗಿತ್ತು. ಅಮ್ಮನಿಗೆ ಮತ್ತೆ ಸಮಯ ಕೇಳಲು ಫೋನ್ ಮಾಡಿದಾಗ ನಿಜಕ್ಕೂ ಕನ್ನಡದ ದುಭಾಷಿಯೊಬ್ಬರು ಬಂದರು! ಅಮ್ಮನ ಮುಖ ಅರಳಿತು. "ನಿಮ್ಮ ಹುಟ್ಟಿದ ದಿನ ಹೇಳಿ ಅಮ್ಮಾ" ಅಂದರು. "ಆಯುಧಪೂಜೆ ದಿನ ಕಣಮ್ಮ" ಅಂದಳು ಅಮ್ಮ. ಪಾಸ್‌ಪೋರ್ಟಿನಲ್ಲಿರೋದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ ಒಂದು. ಗುರುತು ತಾಳೆಯಾಗಲಿಲ್ಲ, ಮತ್ತೆ ಮೊದಲಿಂದ ಶುರು.

ಊರಲ್ಲೂ ಈಗ ಬಿಲ್ಲೆಯ ಕಾಲ ಅಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದುತ್ತಿದ್ದ ಹುಡುಗರು 2008ರಲ್ಲಿ ಪ್ರಾಕ್ಟೋ ಶುರು ಮಾಡಿದರು. 2015ರ ಜುಲೈ 1ರಂದು ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಿಗೆ ಆನ್‌ಲೈನ್ ನೋಂದಣಿ ಆರಂಭಿಸಿದಾಗ ಬೆಂಗಳೂರಿನ ನಿಮ್ಹಾನ್ಸ್ ಮೊದಲ ಕೆಲವು ಆಸ್ಪತ್ರೆಗಳಲ್ಲಿ ಒಂದಾಗಿತ್ತು. 2022ರಿಂದ ಆಸ್ಪತ್ರೆ ಕೌಂಟರಿನ ಕ್ಯೂಆರ್ ಚಿತ್ರವನ್ನು ಮೊಬೈಲಿಗೆ ತೋರಿಸಿದರೆ ಸಾಕು, ಹೆಸರು ವಿಳಾಸ ತಾನೇ ಹೋಗಿ ಟೋಕನ್ ಬರುವ ಏರ್ಪಾಟಿದೆ. ಚೀಟಿಗಾಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಮೊಬೈಲ್ ಇಲ್ಲದ ಅಜ್ಜಿಗೂ ಒಂದು ಕಿಟಕಿ ತೆರೆದಿರಬೇಕು.

ನಮ್ಮ ಕಂಪೌಂಡರು ಯಾವ ಸೂತ್ರವನ್ನೂ ಓದಿರಲಿಲ್ಲ. ಬೆಂಚಿನ ಮೇಲೆ ಕೂತವರಿಗೆ ಊರಿಗೆ ಹೋಗೋ ಬಸ್ಸು ಎಷ್ಟೊತ್ತಿಗೆ ಅಂತ ಮಾತ್ರ ಗೊತ್ತಿತ್ತು. ನಾವು ಎಲ್ಲ ಬರೆದೆವು, ಆ ಬಸ್ಸೊಂದನ್ನ ಬಿಟ್ಟೆವು.

ಅಮ್ಮನಿಗೆ ಜುಲೈ ಮೂರನೇ ವಾರ ಸಮಯ ಸಿಕ್ಕಿತು. ಒತ್ತಡ ಸ್ವಲ್ಪ ಏರಿತ್ತು, ಹನಿ ಔಷಧಿ ಬದಲಾಯಿಸಿದರು. "ದೇವರು ದೊಡ್ಡವನು" ಅಂದಳು ಅಮ್ಮ. ಈಗ ಯಾವ ಪತ್ರ ಬಂದರೂ ಅದರ ಮೇಲೆ ತಿಂಗಳ ಹೆಸರು, ವಾರ ಎರಡನ್ನೂ ಕನ್ನಡದಲ್ಲಿ ದಪ್ಪಗೆ ಬರೆದು ಕ್ಯಾಲೆಂಡರಿಗೆ ಸಿಕ್ಕಿಸ್ತೀನಿ. ಆವತ್ತೇ ಸಾಫ್ಟ್‌ವೇರಿನಲ್ಲಿ ಬರೆಯಬೇಕಿತ್ತು. ನಿಮ್ಮ ಮನೆಯಲ್ಲೂ ಅಪ್ಪ ಅಮ್ಮ ಬಂದಿದ್ದರೆ, ಇವತ್ತೇ ಒಂದು ಸಲ ಆ ಪತ್ರಗಳನ್ನ ತೆಗೆದು ನೋಡಿ.