ಫ್ಲ್ಯಾಶ್‌ಬ್ಯಾಕ್ ಬಂದರೆ ಸಾಹಸ ಕಥೆಯ ಕುತೂಹಲ ಕೆಡುತ್ತದೆಯೇ?

ಹೀರೋ ಬಂಡೆಯ ಅಂಚಿನಲ್ಲಿ ಜೋತಾಡುತ್ತಿದ್ದಾನೆ. ಪುಟ ತಿರುಗಿಸಿದರೆ "ಹತ್ತು ವರ್ಷಗಳ ಹಿಂದೆ..." ಎಂದು ಇನ್ನೇನೋ ಶುರುವಾಗುತ್ತದೆ. ಅನೇಕರು ಆ ಪುಟಗಳನ್ನು ಹಾರಿಸಿಬಿಡುತ್ತಾರೆ. "ಫ್ಲ್ಯಾಶ್‌ಬ್ಯಾಕ್ ಬರೀ ಎಳೆದಾಟ, ಅದು ಸಿನಿಮಾದಿಂದ ಬಂದ ಚಾಳಿ" ಎನ್ನುವವರೂ ಇದ್ದಾರೆ. ಇದು ನಿಜವೇ?

ಸಿನಿಮಾದಿಂದ ಬಂದದ್ದೇ?

ಹೆಸರು ಸಿನಿಮಾದ್ದು, ತಂತ್ರ ಬಹಳ ಹಳೆಯದು. ಸುಮಾರು 2,700 ವರ್ಷ ಹಳೆಯದಾದ ಗ್ರೀಕ್ ಮಹಾಕಾವ್ಯ 'ಒಡಿಸ್ಸಿ'ಯ 24 ಭಾಗಗಳಲ್ಲಿ 9ರಿಂದ 12ರವರೆಗಿನ ನಾಲ್ಕು ಭಾಗ ಪೂರ್ತಿ ಹಿಂದಿನ ಕಥೆ. ನಮ್ಮಲ್ಲಿ 7ನೇ ಶತಮಾನದ ಬಾಣಭಟ್ಟನ 'ಕಾದಂಬರಿ'ಯಲ್ಲಿ ಒಂದು ಗಿಳಿ ರಾಜನ ಮುಂದೆ ತನ್ನ ಹಿಂದಿನ ಕಥೆ ಹೇಳುತ್ತದೆ. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಇಂದು ನಾವು ಬಳಸುವ 'ಕಾದಂಬರಿ' ಎಂಬ ಪದದ ಮೂಲವೂ ಆ ಕೃತಿಯೇ.

ಬದುಕಿದ್ದಾನೆ ಎಂದು ಗೊತ್ತಿದ್ದರೂ ಎದೆ ಏಕೆ ಹೊಡೆದುಕೊಳ್ಳುತ್ತದೆ?

'ಒಡಿಸ್ಸಿ'ಯ ನಾಯಕ ಒಡಿಸ್ಯೂಸ್, ಒಕ್ಕಣ್ಣಿನ ದೈತ್ಯನ ಗುಹೆಯಲ್ಲಿ ಸಿಕ್ಕಿಬಿದ್ದ ಕಥೆಯನ್ನು ಒಬ್ಬ ರಾಜನ ಅರಮನೆಯಲ್ಲಿ ಕುಳಿತು ಹೇಳುತ್ತಾನೆ. ಅಂದಮೇಲೆ ಅವನು ಬದುಕಿ ಬಂದಿದ್ದಾನೆ ಎಂಬುದು ಖಚಿತ. ಆದರೂ ಓದುಗರಿಗೆ ಬೇಸರವಾಗುವುದಿಲ್ಲ. ಏಕೆಂದರೆ ಪ್ರಶ್ನೆ ಬದಲಾಗುತ್ತದೆ. "ಬದುಕುತ್ತಾನಾ?" ಎಂಬುದರ ಜಾಗದಲ್ಲಿ "ಹೇಗೆ ತಪ್ಪಿಸಿಕೊಂಡ?" ಎಂಬುದು ಬರುತ್ತದೆ. ಇನ್ನೊಂದು ಪ್ರಶ್ನೆಯೂ ಕಾಡುತ್ತದೆ: ಹಡಗುಗಳಲ್ಲಿ ಅಷ್ಟು ಜನ ಇದ್ದರಲ್ಲ, ಇವನೊಬ್ಬನೇ ಏಕೆ ಇಲ್ಲಿದ್ದಾನೆ? ಕಥೆ ಮುಂದುವರಿದಂತೆ ಅವರು ಗುಂಪು ಗುಂಪಾಗಿ ಸಾಯುವುದನ್ನು ಓದುತ್ತಾ ಹೋಗುತ್ತೇವೆ.

ಸಂಶೋಧಕರು ಏನು ಹೇಳುತ್ತಾರೆ?

ಮನೋವಿಜ್ಞಾನಿಗಳಾದ ಬ್ರೂವರ್ ಮತ್ತು ಲಿಕ್ಟೆನ್‌ಸ್ಟೈನ್ 1982ರಲ್ಲಿ ಇದನ್ನು ವಿವರಿಸಿದರು. ಘಟನೆಗಳು ನಡೆದ ಕ್ರಮದಲ್ಲೇ ಬಂದು, ಫಲಿತಾಂಶ ಮಾತ್ರ ತಡವಾದರೆ ಆತಂಕ ಹುಟ್ಟುತ್ತದೆ. ಫಲಿತಾಂಶ ಮೊದಲು ಕಂಡು, ಕಾರಣ ಆಮೇಲೆ ತಿಳಿದರೆ ಕುತೂಹಲ ಹುಟ್ಟುತ್ತದೆ. ಫ್ಲ್ಯಾಶ್‌ಬ್ಯಾಕ್ ಕೆಲಸ ಮಾಡುವುದು ಹೆಚ್ಚಾಗಿ ಈ ಎರಡನೆಯ ದಾರಿಯಲ್ಲಿ.

ಹಾಗೆಂದು ಅದು ಪುಕ್ಕಟೆ ಅಲ್ಲ. 1996ರಲ್ಲಿ ರೋಲ್ಫ್ ಜ್ವಾನ್ ಪ್ರಕಟಿಸಿದ ಪ್ರಯೋಗಗಳಲ್ಲಿ, "ಒಂದು ಕ್ಷಣದ ನಂತರ" ಎಂಬ ವಾಕ್ಯಕ್ಕಿಂತ "ಒಂದು ಗಂಟೆಯ ನಂತರ" ಎಂಬ ವಾಕ್ಯ ಓದಲು ಹೆಚ್ಚು ಸಮಯ ಬೇಕಾಯಿತು. ಅದು ಮುಂದಕ್ಕೆ ಹಾರಿದ ಸಮಯ, ನಿಜ. ಆದರೆ ಕಾಲ ಬದಲಾದಾಗ ಮನಸ್ಸು ದೃಶ್ಯವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು ಎಂಬುದು ಇದರಿಂದ ತಿಳಿಯುತ್ತದೆ. ಪದೇ ಪದೇ ಹಿಂದೆ ಮುಂದೆ ಹೋದರೆ ತಲೆ ದಣಿಯುವುದು ಸಹಜ.

ಒಳ್ಳೆಯದನ್ನು ಗುರುತಿಸುವುದು ಹೇಗೆ?

'ಒಡಿಸ್ಸಿ'ಯ 19ನೇ ಭಾಗದಲ್ಲಿ ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ಸ್ವಂತ ಮನೆಗೆ ಬಂದಿದ್ದಾನೆ. ಗುಟ್ಟು ಬಯಲಾದರೆ ಪ್ರಾಣಕ್ಕೇ ಅಪಾಯ. ಕಾಲು ತೊಳೆಯುತ್ತಿದ್ದ ಮುದಿ ದಾದಿಯ ಕೈಗೆ ಹಳೆಯ ಗಾಯದ ಗುರುತು ಸಿಗುತ್ತದೆ. ಅಲ್ಲೇ ಕಥೆ ನಿಲ್ಲುತ್ತದೆ. ಹುಡುಗನಾಗಿದ್ದಾಗ ಕಾಡುಹಂದಿಯ ಬೇಟೆಯಲ್ಲಿ ಆದ ಗಾಯ ಅದು ಎಂಬ ವೃತ್ತಾಂತ ಸುಮಾರು 70 ಸಾಲು ನಡೆಯುತ್ತದೆ. ಆಮೇಲೆ ದಾದಿಯ ಕೈಯಿಂದ ಕಾಲು ಜಾರುತ್ತದೆ, ನೀರಿನ ಪಾತ್ರೆ ಉರುಳುತ್ತದೆ. ಆ ಗಾಯ ಅವಳಿಗೆ ಏನೆಂಬುದು ಈಗ ನಮಗೂ ಗೊತ್ತು.

ಹಾಗಾಗಿ ಮುಂದಿನ ಸಲ "ಹತ್ತು ವರ್ಷಗಳ ಹಿಂದೆ" ಎಂದು ಕಂಡಾಗ ಪುಟ ಹಾರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಂತುಹೋದ ದೃಶ್ಯಕ್ಕೂ ಈ ಹಳೆಯ ಕಥೆಗೂ ಸಂಬಂಧ ಇದೆಯೇ? ಇದ್ದರೆ ಅದನ್ನು ಬಿಡಬೇಡಿ. ಬಂಡೆಯ ಮೇಲಿರುವವನು ಬಿದ್ದರೆ ಏನು ಕಳೆದುಹೋಗುತ್ತದೆ ಎಂಬುದು ಹೆಚ್ಚಾಗಿ ಆ ಪುಟಗಳಲ್ಲೇ ಇರುತ್ತದೆ.