ಗಾಜಿನ ತೊಟ್ಟಿಯ ಮೀನಿಗೂ ವೈದ್ಯರ ಚೀಟಿ

ವುಡ್‌ಲ್ಯಾಂಡ್ ಹಿಲ್ಸ್ ಲಾಸ್ ಏಂಜಲೀಸ್ ನಗರದ ಪಶ್ಚಿಮದಂಚಿನ ಬಡಾವಣೆ. 2020ರ ಸೆಪ್ಟೆಂಬರ್ 6ರಂದು ಅಲ್ಲಿನ ಪಿಯರ್ಸ್ ಕಾಲೇಜಿನಲ್ಲಿ 49.4 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಅಷ್ಟು ಬಿಸಿಲು ಹಿಂದೆಂದೂ ದಾಖಲಾಗಿರಲಿಲ್ಲ. ಇಂಥ ದಿನಗಳಲ್ಲಿ ಮನೆಯೊಳಗಿನ ಅಕ್ವೇರಿಯಂ ನೀರೂ ಬಿಸಿಯೇರುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ. ತಳದ ಮರಳಿನಲ್ಲಿ ಮೀಸೆಯಾಡಿಸುತ್ತ ತಿರುಗುವ ಕೋರಿಡೋರಾಸ್, ಪ್ಲೆಕೊದಂಥ ಕ್ಯಾಟ್‌ಫಿಶ್‌ಗಳು ಬಳಲುತ್ತವೆ. ಆಗ ಸೋಂಕು ತಗುಲಿದರೆ ಬಾಯಿಯ ಸುತ್ತ ಹತ್ತಿಯಂಥ ಬಿಳಿ ಪದರ, ಬೆನ್ನಿನ ಮೇಲೆ ಜೀನು ಹಾಕಿದಂತೆ ಬಿಳಿಚಿದ ಪಟ್ಟೆ, ಸವೆದುಹೋದ ಮೀಸೆ ಕಾಣಿಸುತ್ತವೆ. ತೀರಾ ಇತ್ತೀಚಿನವರೆಗೆ ಇದಕ್ಕೆ ಸುಲಭದ ಉಪಾಯವೊಂದಿತ್ತು: ಅಂಗಡಿಯಿಂದ ಆ್ಯಂಟಿಬಯೋಟಿಕ್ ಪುಡಿ ತಂದು ತೊಟ್ಟಿಗೆ ಸುರಿಯುವುದು. ಆ ಬಾಗಿಲು ಈಗ ಮುಚ್ಚುತ್ತಿದೆ. ಮುಚ್ಚಬೇಕಾದದ್ದೇ ಎಂದು ನಾನು ವಾದಿಸುತ್ತೇನೆ. ಆದರೆ ಬೇರೆ ಬಾಗಿಲು ತೆರೆಯದೆ ಇದನ್ನಷ್ಟೇ ಮುಚ್ಚಿದರೆ ಅದು ಅರ್ಧ ಕೆಲಸ.

ಈ ರೋಗದ ಚರಿತ್ರೆ ನೂರು ವರ್ಷಕ್ಕೂ ಹಳೆಯದು. ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಕಂಡ ಹೊಸ ಸೋಂಕನ್ನು ಎಚ್. ಎಸ್. ಡೇವಿಸ್ 1922ರಲ್ಲಿ ವಿವರಿಸಿದರು. ಮೀನಿನ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದನೆಯ ತೆಳ್ಳನೆಯ ಬ್ಯಾಕ್ಟೀರಿಯಾ ಜಾರಿಕೊಂಡು ಬಂದು ಒಂದರ ಮೇಲೊಂದು ಪೇರಿಸಿಕೊಂಡು ಕಂಬಗಳಾಗಿ ನಿಲ್ಲುವುದನ್ನು ಅವರು ಕಂಡಿದ್ದರು. ಕಾಲಮ್ನಾರಿಸ್ ಎಂಬ ಹೆಸರು ಬಂದದ್ದು ಅದರಿಂದ. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು 1944ರವರೆಗೆ ಕಾಯಬೇಕಾಯಿತು. ಆಮೇಲಿನ ಜ್ಞಾನದ ದೊಡ್ಡ ಪಾಲು ಬಂದದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಕ್ಯಾಟ್‌ಫಿಶ್ ಕೆರೆಗಳಿಂದ. ಎಡ್ವರ್ಡ್ಸಿಯೆಲ್ಲಾ ಇಕ್ಟಾಲುರಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ 1970ರ ದಶಕದಲ್ಲಿ ಅಲ್ಲೇ ಪತ್ತೆಯಾಗಿ 1981ರಲ್ಲಿ ಹೆಸರು ಪಡೆಯಿತು. ಅದಕ್ಕೆ ಮದ್ದಾಗಿ ಮೇವಿನಲ್ಲಿ ಬೆರೆಸಿ ಕೊಡುವ ಫ್ಲೋರ್‌ಫೆನಿಕಾಲ್ 2005ರಲ್ಲಿ ಮಾನ್ಯತೆ ಪಡೆಯಿತು, ಲಸಿಕೆಗಳೂ ಬಂದವು. ಒಂದೇ ಜಾತಿ ಎಂದುಕೊಂಡಿದ್ದ ಕಾಲಮ್ನಾರಿಸ್ ಬ್ಯಾಕ್ಟೀರಿಯಾವನ್ನು 2022ರಲ್ಲಿ ವಿಜ್ಞಾನಿಗಳು ನಾಲ್ಕು ಜಾತಿಗಳಾಗಿ ಬೇರ್ಪಡಿಸಿದರು. ಆಹಾರಕ್ಕೆ ಸಾಕುವ ಕ್ಯಾಟ್‌ಫಿಶ್ ವಿಷಯದಲ್ಲಿ ರೋಗ ಯಾವುದು, ಮದ್ದು ಎಷ್ಟು, ಎಷ್ಟು ದಿನ ಎಂಬುದಕ್ಕೆಲ್ಲ ಪರೀಕ್ಷಿಸಿದ ಉತ್ತರಗಳಿವೆ.

ಅಕ್ವೇರಿಯಂನ ಕಥೆಯೇ ಬೇರೆ. ಅಲಂಕಾರಿಕ ಮೀನಿಗೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಒಂದೇ ಒಂದು ಆ್ಯಂಟಿಬಯೋಟಿಕ್‌ಗೂ ಮಾನ್ಯತೆ ಕೊಟ್ಟಿಲ್ಲ. ಆದರೂ ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್ ಮೀನಿನ ಚಿತ್ರವಿರುವ ಡಬ್ಬಿಗಳಲ್ಲಿ ದಶಕಗಳ ಕಾಲ ಮಾರಾಟವಾದವು. ಕೊಂಡವರು ಬಾಯಿಯ ಬಿಳಿ ಪದರವನ್ನು ಬೂಷ್ಟು ಎಂದು ತಿಳಿದು ಶಿಲೀಂಧ್ರದ ಮದ್ದು ಹಾಕಿದರು, ಇಲ್ಲವೇ ಊಹೆಯ ಮೇಲೆ ಸಿಕ್ಕ ಆ್ಯಂಟಿಬಯೋಟಿಕ್ ಸುರಿದರು. ನೀರಿಗೆ ಸುರಿದ ಮದ್ದು ಮೀನಿನ ಒಳಗೆ ಸಾಕಷ್ಟು ಸೇರುತ್ತದೆಂಬ ಖಾತ್ರಿಯೂ ಇಲ್ಲ. ಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಸ್ಯಾನ್ ಡಿಯೇಗೊ ಕಡೆ ಹರಿದುಬರುವ ಕೊಲೊರಾಡೊ ನದಿಯ ನೀರು ಅಂಥ ಗಡಸು ನೀರೇ. ಕೆಲವು ಮದ್ದುಗಳು ಫಿಲ್ಟರಿನಲ್ಲಿ ಅಮೋನಿಯಾವನ್ನು ತಿಂದು ನೀರನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಕೊಡುತ್ತವೆ. ಆಗ ಅಮೋನಿಯಾ ಏರಿ, ರೋಗದಿಂದ ಉಳಿದ ಮೀನು ವಿಷದಿಂದ ಸಾಯುತ್ತದೆ. ಇಷ್ಟೇ ಆಗಿದ್ದರೆ ಅದು ಮೀನಿನ ನಷ್ಟ ಮಾತ್ರ. ಆದರೆ ಅಂಗಡಿಯಿಂದ ತಂದ ಮೀನಿನ ಮದ್ದನ್ನು ಮನುಷ್ಯರೇ ನುಂಗುತ್ತಿರುವ ಬಗ್ಗೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2002ರಲ್ಲೇ ಪತ್ರವೊಂದನ್ನು ಪ್ರಕಟಿಸಿತ್ತು. ಅಲಂಕಾರಿಕ ಮೀನುಗಳ ಜೊತೆ ದೇಶದಿಂದ ದೇಶಕ್ಕೆ ಸಾಗುವ ನೀರಿನಲ್ಲಿ ಹಲವು ಮದ್ದುಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೇರಳವಾಗಿವೆ ಎಂದು 2009ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು.

ಕಾನೂನು ತಡವಾಗಿ ಬಂತು. ಪಶುಗಳ ಆ್ಯಂಟಿಬಯೋಟಿಕ್‌ಗೆ ವೈದ್ಯರ ಚೀಟಿ ಕಡ್ಡಾಯ ಮಾಡಿದ ಕ್ಯಾಲಿಫೋರ್ನಿಯಾದ ಕಾಯ್ದೆ 2018ರ ಜನವರಿ 1ರಿಂದ ಜಾರಿಯಾಯಿತು. ಮನೆಯಲ್ಲಿ ಮುದ್ದಿಗೆ ಸಾಕುವ ಪ್ರಾಣಿಗಳು ಅದರ ಹೊರಗುಳಿದವು. ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ, ಚೀಟಿಯಿಲ್ಲದೆ ಸಿಗುತ್ತಿದ್ದ ಪ್ರಾಣಿ ಆ್ಯಂಟಿಬಯೋಟಿಕ್‌ಗಳನ್ನು 2023ರ ಜೂನ್ 11ರ ಹೊತ್ತಿಗೆ ಎಫ್‌ಡಿಎ ದೇಶಾದ್ಯಂತ ಚೀಟಿಯ ವ್ಯಾಪ್ತಿಗೆ ತಂದಿತು. ಅದೇ ಡಿಸೆಂಬರಿನಲ್ಲಿ ಅಲಂಕಾರಿಕ ಮೀನು, ಸಾಕುಹಕ್ಕಿಗಳ ಹೆಸರಿನಲ್ಲಿ ಮಾನ್ಯತೆಯಿಲ್ಲದ ಮದ್ದು ಮಾರುತ್ತಿದ್ದ ಒಂಬತ್ತು ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಹೋಯಿತು.

ಆಕ್ಷೇಪಗಳಿವೆ, ಹಗುರವಾದವೇನಲ್ಲ. ಕೋಳಿ, ಹಂದಿ, ದನಗಳಿಗೆ ಕೊಡುವ ಮದ್ದಿನೆದುರು ಅಕ್ವೇರಿಯಂನದು ಯಾವ ಲೆಕ್ಕ ಎನ್ನುತ್ತಾರೆ. ಪ್ರಮಾಣ ಚಿಕ್ಕದು, ನಿಜ. ಆದರೆ ಮದ್ದು ಬೆರೆತ ತೊಟ್ಟಿಯ ನೀರು ಅಡುಗೆಮನೆಯ ಸಿಂಕಿಗೆ ಹೋಗುತ್ತದೆ, ಅದರಲ್ಲಿ ಕೈ ಅದ್ದುವುದು ಮನೆಯ ಮಕ್ಕಳು. ಸಂಪರ್ಕ ಇಷ್ಟು ಹತ್ತಿರವಿರುವಾಗ ಪ್ರಮಾಣವೊಂದನ್ನೇ ಎತ್ತಿ ತೋರಿಸುವುದು ಸಾಲದು. ಎರಡನೆಯ ಆಕ್ಷೇಪ ಹಣದ್ದು: ಕೆಲವೇ ಡಾಲರಿನ ಮೀನಿಗೆ ಅದರ ಹತ್ತಾರು ಪಟ್ಟು ಶುಲ್ಕ ಕೊಟ್ಟು ಯಾರು ವೈದ್ಯರ ಬಳಿ ಹೋಗುತ್ತಾರೆ? ಇದಕ್ಕೆ ಉತ್ತರ ಮದ್ದಿನಲ್ಲಿಲ್ಲ, ನೀರಿನಲ್ಲಿದೆ. ಲಾಸ್ ಏಂಜಲೀಸ್‌ನ ನಲ್ಲಿ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ. ಕ್ಲೋರಿನ್‌ನಂತೆ ಅದು ರಾತ್ರಿ ಬಕೆಟ್ಟಿನಲ್ಲಿಟ್ಟರೆ ಹಾರಿಹೋಗುವುದಿಲ್ಲ; ಅದನ್ನು ತೆಗೆಯುವ ಕಂಡೀಷನರ್ ಹಾಕಲೇಬೇಕು. ಅಮೋನಿಯಾ ಅಳೆಯುವುದು, ನೀರು ಬದಲಿಸುವುದು, ಗಾಳಿ ಹೆಚ್ಚಿಸುವುದು, ಬಿಸಿಲುಗಾಲದಲ್ಲಿ ಹೀಟರ್ ಆರಿಸುವುದು, ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಡುವುದು: ಇವಕ್ಕೆ ಯಾರ ಚೀಟಿಯೂ ಬೇಡ. ಬಿಸಿ ನೀರಿನಲ್ಲಿ ಚುರುಕಾಗುವ ಕಾಲಮ್ನಾರಿಸ್ ವಿರುದ್ಧ ಮೊದಲ ಕಾವಲು ಇವೇ.

ನನ್ನ ಮಟ್ಟಿಗೆ ಉತ್ತರವಿಲ್ಲದೆ ಉಳಿಯುವ ಆಕ್ಷೇಪ ಮೂರನೆಯದು. ಕಾಲಮ್ನಾರಿಸ್‌ನ ಉಗ್ರ ತಳಿ ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಲ್ಲದು. ಅಷ್ಟರಲ್ಲಿ ಮೀನು ನೋಡುವ ಪಶುವೈದ್ಯರು ಎಲ್ಲಿ ಸಿಗಬೇಕು? ಕ್ಯಾಲಿಫೋರ್ನಿಯಾ 2024ರ ಜನವರಿ 1ರಿಂದ ವಿಡಿಯೊ ಮೂಲಕವೇ ಪ್ರಾಣಿಯನ್ನು ನೋಡಿ ಹದಿನಾಲ್ಕು ದಿನದ ಆ್ಯಂಟಿಬಯೋಟಿಕ್ ಬರೆಯಲು ವೈದ್ಯರಿಗೆ ಅವಕಾಶ ಕೊಟ್ಟಿತು. ಆದರೆ ಅಲಂಕಾರಿಕ ಮೀನಿಗೆ ಮಾನ್ಯತೆ ಪಡೆದ ಮದ್ದೇ ಇಲ್ಲದಿರುವುದರಿಂದ, ಬರೆಯುವ ಪ್ರತಿಯೊಂದೂ ಬೇರೆ ಪ್ರಾಣಿಯ ಅಥವಾ ಮನುಷ್ಯರ ಮದ್ದು. ಅಂಥ ಬಳಕೆಗೆ 1994ರ ಕೇಂದ್ರ ಕಾಯ್ದೆಯಡಿಯ ನಿಯಮ ಅನ್ವಯಿಸುತ್ತದೆ. ವೈದ್ಯರು ಪ್ರಾಣಿಯನ್ನು ಖುದ್ದಾಗಿ ಪರೀಕ್ಷಿಸಿರಬೇಕು, ಇಲ್ಲವೇ ಅದಿರುವ ಜಾಗಕ್ಕೆ ಬಂದು ಹೋಗಿರಬೇಕು. ಹೀಗಾಗಿ ನಾಯಿ ಬೆಕ್ಕುಗಳಿಗೆ ದಕ್ಕಿದ ಅನುಕೂಲ, ಸಾಗಿಸುವಾಗಲೇ ಸಾಯಬಹುದಾದ ಮೀನಿಗೆ ದಕ್ಕಲಿಲ್ಲ.

ಚೀಟಿಯ ನಿಯಮ ಹಾಗೇ ಇರಲಿ, ಸಡಿಲಿಸಬಾರದು. ತಿದ್ದಬೇಕಾದದ್ದು ಭೇಟಿಯ ನಿಯಮ: ತೊಟ್ಟಿಯ ವಿಡಿಯೊ, ನೀರಿನ ಪರೀಕ್ಷೆಯ ಅಂಕಿಗಳು, ಪ್ರಯೋಗಾಲಯಕ್ಕೆ ಕಳಿಸಿದ ಮಾದರಿ, ಈ ಮೂರಿದ್ದರೆ ಆಹಾರಕ್ಕೆ ಬಳಸದ ಮೀನಿನ ಮಟ್ಟಿಗೆ ಅದನ್ನು ಪರೀಕ್ಷೆ ಎಂದು ಎಫ್‌ಡಿಎ ಒಪ್ಪಬೇಕು. ಅಲ್ಲಿಯವರೆಗೆ ಕ್ಯಾಟ್‌ಫಿಶ್ ಸಾಕುವವರು ಮೀನು ಕಾಯಿಲೆ ಬೀಳುವ ಮುನ್ನವೇ ಅಮೆರಿಕನ್ ಅಸೋಸಿಯೇಷನ್ ಆಫ್ ಫಿಶ್ ವೆಟರಿನೇರಿಯನ್ಸ್ ಮೂಲಕ ಹತ್ತಿರದ ಮೀನು ವೈದ್ಯರನ್ನು ಹುಡುಕಿ, ಒಮ್ಮೆ ಮನೆಗೆ ಕರೆಸಿ ತೊಟ್ಟಿ ತೋರಿಸಿಡಲಿ.