ಮದರ್ ತೆರೇಸಾರ ಆಧ್ಯಾತ್ಮಿಕ ಕತ್ತಲೆ

ಮದರ್ ತೆರೇಸಾರ ಆಧ್ಯಾತ್ಮಿಕ ಕತ್ತಲೆ ಎಂಬುದು ಮಿಷನರೀಸ್ ಆಫ್ ಚಾರಿಟಿ ಸಂಸ್ಥೆಯ ಸ್ಥಾಪಕಿ, ಕೊಲ್ಕತ್ತದ ಸಂತ ತೆರೇಸಾ (26 ಆಗಸ್ಟ್ 1910 – 5 ಸೆಪ್ಟೆಂಬರ್ 1997) ಅವರು ಸುಮಾರು ಐದು ದಶಕಗಳ ಕಾಲ ಅನುಭವಿಸಿದ ಅಂತರಂಗದ ಸ್ಥಿತಿಗೆ ಬಳಕೆಯಲ್ಲಿರುವ ಹೆಸರು. ದೇವರು ತಮ್ಮಿಂದ ದೂರ ಸರಿದಿದ್ದಾನೆ, ತಮ್ಮ ಪ್ರಾರ್ಥನೆಗೆ ಮೌನವೇ ಉತ್ತರವಾಗಿದೆ ಎಂಬ ಭಾವ ಈ ಅವಧಿಯುದ್ದಕ್ಕೂ ಅವರನ್ನು ಕಾಡಿತು. ಅವರ ಜೊತೆಯಲ್ಲಿ ಬಾಳಿದ ಧರ್ಮಭಗಿನಿಯರಿಗೂ ಇದರ ಸುಳಿವು ಇರಲಿಲ್ಲ. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಮೇಲೆ ಸಂಗತಿ ಲೋಕಕ್ಕೆ ತಿಳಿಯಿತು.

ಹಿನ್ನೆಲೆ

ದೇವರ ಮೌನದ ಬಗೆಗಿನ ಅಳಲು ಕ್ರೈಸ್ತ ಧರ್ಮದಲ್ಲಿ ಹೊಸದಲ್ಲ. ಬೈಬಲಿನ ಯೋಬನ ಗ್ರಂಥದ ಬಹುಭಾಗ ಇದೇ ಆಗಿದೆ. ಕೀರ್ತನೆಗಳಲ್ಲಿ 13, 22 ಮತ್ತು 88ನೆಯವು ದೇವರು ಮುಖ ಮರೆಮಾಡಿಕೊಂಡಿದ್ದಾನೆಂದು ಮೊರೆಯಿಡುತ್ತವೆ. ಇವುಗಳಲ್ಲಿ 88ನೆಯದು ಸಮಾಧಾನದ ಒಂದು ನುಡಿಯೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. 22ನೆಯ ಕೀರ್ತನೆಯ ಮೊದಲ ಮಾತನ್ನು ಯೇಸು ಶಿಲುಬೆಯ ಮೇಲೆ ಉಚ್ಚರಿಸಿದನೆಂದು ಮತ್ತಾಯ ಮತ್ತು ಮಾರ್ಕನ ಸುವಾರ್ತೆಗಳು ಹೇಳುತ್ತವೆ.

ಸ್ಪೇನಿನ ಅನುಭಾವಿ ಕವಿ, ಶಿಲುಬೆಯ ಸಂತ ಯೊವಾನ್ (1542–1591) ಈ ಅನುಭವಕ್ಕೆ 'ಕತ್ತಲೆಯ ರಾತ್ರಿ' ಎಂಬ ಹೆಸರನ್ನಿತ್ತನು. ಭಕ್ತನಿಗೆ ದೇವರಿಂದ ದೊರೆಯುವ ಸವಿಯ ಮೇಲಿನ ಆಸೆಯನ್ನು ಕಳಚಿ, ಅವನನ್ನು ದೇವರೊಡನೆ ಐಕ್ಯಕ್ಕೆ ಸಿದ್ಧಗೊಳಿಸುವ ಹಾದಿಯೆಂದು ಅವನು ಅದನ್ನು ವಿವರಿಸಿದನು. ಫ್ರಾನ್ಸಿನ ಲಿಸಿಯದ ಸಂತ ತೆರೇಸಾ (1873–1897) ತನ್ನ ಬದುಕಿನ ಕೊನೆಯ ಒಂದೂವರೆ ವರ್ಷ ಇಂತಹುದೇ ವಿಶ್ವಾಸದ ಪರೀಕ್ಷೆಗೆ ಒಳಗಾದಳು. ಆಗ್ನೆಸ್ ಗೊಂಜಾ ಬೊಯಾಜಿಯು ಎಂಬ ಯುವತಿ ಸಂನ್ಯಾಸ ಸ್ವೀಕರಿಸಿದಾಗ ಆಯ್ದುಕೊಂಡದ್ದು ಈ ಲಿಸಿಯದ ತೆರೇಸಾಳ ಹೆಸರನ್ನೇ.

ಕರೆ ಮತ್ತು ಅಂತರ್ವಾಣಿ

ಸ್ಕೋಪ್ಯೆ ನಗರದಲ್ಲಿ ಜನಿಸಿದ ಆಗ್ನೆಸ್ 1928ರಲ್ಲಿ ಲೊರೆಟೊ ಸಭೆಯನ್ನು ಸೇರಿ, 1929ರ ಜನವರಿಯಲ್ಲಿ ಭಾರತಕ್ಕೆ ಬಂದರು. ಮುಂದೆ ಕಲ್ಕತ್ತೆಯ ಎಂಟಾಲಿಯ ಸೇಂಟ್ ಮೇರಿ ಶಾಲೆಯಲ್ಲಿ ಅಧ್ಯಾಪಕಿಯಾಗಿ, ಬಳಿಕ ಮುಖ್ಯೋಪಾಧ್ಯಾಯಿನಿಯಾಗಿ ಕೆಲಸ ಮಾಡಿದರು. 1942ರಲ್ಲಿ, ದೇವರು ಏನನ್ನು ಕೇಳಿದರೂ ಇಲ್ಲವೆನ್ನುವುದಿಲ್ಲವೆಂಬ ವ್ರತವೊಂದನ್ನು ಗುಪ್ತವಾಗಿ ಕೈಗೊಂಡರು. ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ವ್ರತವೇ ಕೀಲಿಕೈ ಎನ್ನಬಹುದು.

1946ರ ಸೆಪ್ಟೆಂಬರ್ 10ರಂದು ಧ್ಯಾನಕೂಟಕ್ಕಾಗಿ ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಬಾಳಬೇಕೆಂಬ ಕರೆ ಅವರಿಗೆ ಸ್ಪಷ್ಟವಾಯಿತು. ಅದರ ಮರುವರ್ಷದವರೆಗೂ ಯೇಸುವಿನ ಮಾತು ತಮಗೆ ಅಂತರಂಗದಲ್ಲಿ ಕೇಳಿಸುತ್ತಿತ್ತೆಂದು ಅವರು ಬರೆದಿದ್ದಾರೆ. ಈ ಅಂತರ್ವಾಣಿಯನ್ನು ಅವರು ಮೊದಲು ತಿಳಿಸಿದ್ದು ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಿ, ಯೇಸುಸಭೆಯ ಗುರು ಸೆಲೆಸ್ಟ್ ವ್ಯಾನ್ ಎಕ್ಸೆಮರಿಗೆ. ಬಳಿಕ ಅದು ಮಹಾಧರ್ಮಾಧ್ಯಕ್ಷ ಫರ್ಡಿನಂಡ್ ಪೆರಿಯೆ ಅವರ ಮುಂದೆ ಹೋಯಿತು. ಪೆರಿಯೆ ಅವಸರ ಮಾಡುವವರಲ್ಲ. ಒಪ್ಪಿಗೆ ಸಿಗಲು 1948 ಬರಬೇಕಾಯಿತು. ಆ ವರ್ಷದ ಆಗಸ್ಟಿನಲ್ಲಿ ತೆರೇಸಾ ಲೊರೆಟೊ ಮಠವನ್ನು ಬಿಟ್ಟು ಹೊರಬಂದರು. 1950ರ ಅಕ್ಟೋಬರ್ 7ರಂದು ಹೊಸ ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು.

ಮೌನದ ಆರಂಭ

ಯಾವ ಕೆಲಸಕ್ಕೆಂದು ದೇವರು ಕರೆದನೋ ಆ ಕೆಲಸಕ್ಕೆ ಕೈಹಾಕುತ್ತಲೇ ಅವನ ದನಿ ನಿಂತುಹೋಯಿತು. ಕೆಲಸವನ್ನು ಆರಂಭಿಸಿದ ಕಾಲದಿಂದಲೇ ತಮ್ಮೊಳಗೆ ಭಯಂಕರವಾದ ಕತ್ತಲೆ ಕವಿದಿದೆಯೆಂದು 1953ರಲ್ಲಿ ಅವರು ಪೆರಿಯೆ ಅವರಿಗೆ ತಿಳಿಸಿದರು. ಮಹಾಧರ್ಮಾಧ್ಯಕ್ಷರ ಉತ್ತರ ಸಾಂತ್ವನದ್ದಾಗಿದ್ದರೂ ತೊಡಕಿನ ಆಳವನ್ನು ಮುಟ್ಟಿದಂತೆ ಕಾಣುವುದಿಲ್ಲ.

1958ರ ಅಕ್ಟೋಬರಿನಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ನಿಧನರಾದರು. ಅವರ ಆತ್ಮಶಾಂತಿಗಾಗಿ ನಡೆದ ಬಲಿಪೂಜೆಯ ವೇಳೆ, ತಮ್ಮ ಸಭೆಯ ಬಗ್ಗೆ ದೇವರಿಗೆ ಪ್ರಸನ್ನತೆಯಿದ್ದರೆ ಒಂದು ಕುರುಹು ದೊರೆಯಲೆಂದು ತೆರೇಸಾ ಬೇಡಿಕೊಂಡರು. ಕತ್ತಲೆ ಸರಿಯಿತು. ಆದರೆ ಆ ಬೆಳಕು ಉಳಿದದ್ದು ಕೆಲವೇ ವಾರ. ಅನಂತರ ಮೊದಲಿನ ಸ್ಥಿತಿಯೇ ಮರಳಿತು. ಪತ್ರಗಳ ಸಂಪಾದಕರ ಪ್ರಕಾರ ಅದು ಮರಣದವರೆಗೂ ಮುಂದುವರಿಯಿತು.

1956ರಿಂದ ಅವರ ಮಾರ್ಗದರ್ಶಿಯಾಗಿದ್ದವರು ಯೇಸುಸಭೆಯ ಲಾರೆನ್ಸ್ ಪಿಕಾಚಿ. ಇವರು ಮುಂದೆ ಕಲ್ಕತ್ತೆಯ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು. 1959ರ ಸೆಪ್ಟೆಂಬರಿನಲ್ಲಿ ಇವರಿಗೆ ಕಳುಹಿಸಿದ ಬರಹವೊಂದು ಇಡೀ ಪತ್ರಸಂಗ್ರಹದಲ್ಲೇ ಅತ್ಯಂತ ಕಠೋರವಾದುದು. ದೇವರಿಗೆ ತಾವು ಬೇಡವಾಗಿದ್ದೇವೆ, ಒಂದು ವೇಳೆ ದೇವರೇ ಇಲ್ಲದಿರಬಹುದು ಎಂಬ ಮಟ್ಟಿನ ಮಾತುಗಳು ಅದರಲ್ಲಿವೆ. ಗಮನಿಸತಕ್ಕ ವಿಷಯವೆಂದರೆ, ಅದರ ಸಂಬೋಧನೆ ಪಿಕಾಚಿಯವರಿಗಲ್ಲ, ಯೇಸುವಿಗೆ. ಇದ್ದಾನೋ ಇಲ್ಲವೋ ಎಂಬ ಶಂಕೆಯನ್ನು ಅವರು ನಿವೇದಿಸಿಕೊಂಡದ್ದು ಆತನಲ್ಲಿಯೇ.

ನಾಯ್ನರ್ ಅವರ ಭೇಟಿ

1961ರಲ್ಲಿ ನಡೆದ ಧ್ಯಾನಕೂಟದ ಸಂದರ್ಭದಲ್ಲಿ ಆಸ್ಟ್ರಿಯಾ ಮೂಲದ ದೇವಶಾಸ್ತ್ರಜ್ಞ, ಯೇಸುಸಭೆಯ ಜೋಸೆಫ್ ನಾಯ್ನರ್ ಅವರೊಡನೆ ತೆರೇಸಾ ತಮ್ಮ ಸ್ಥಿತಿಯನ್ನು ಹಂಚಿಕೊಂಡರು. ನಾಯ್ನರ್ ಮೂರು ಸಂಗತಿಗಳನ್ನು ಹೇಳಿದರು. ಈ ಕತ್ತಲೆಗೆ ಮನುಷ್ಯಪ್ರಯತ್ನದ ಮದ್ದಿಲ್ಲ. ಆದ್ದರಿಂದ ಇದು ತಮ್ಮ ತಪ್ಪೆಂದು ಅವರು ಎಣಿಸಬೇಕಾಗಿಲ್ಲ. ದೇವರ ಸಾನ್ನಿಧ್ಯಕ್ಕೆ ಅನುಭೂತಿಯೊಂದೇ ಪ್ರಮಾಣವಲ್ಲ. ಅವನಿಗಾಗಿ ಇಷ್ಟು ಹಂಬಲಿಸುವುದೇ ಅವನು ಮರೆಯಲ್ಲಿದ್ದಾನೆಂಬುದರ ಗುರುತು. ಮೂರನೆಯದಾಗಿ, ಈ ಕತ್ತಲೆ ಅವರ ಸೇವಾಕಾರ್ಯದ ಹೊರಗಿನದಲ್ಲ, ಅದರದೇ ಒಂದು ಮುಖ.

ಈ ಮಾತುಗಳಿಂದ ಕತ್ತಲೆ ಕಳೆಯಲಿಲ್ಲ. ಕಳೆದದ್ದು, ತಾವೇನೋ ಅಪರಾಧ ಮಾಡಿರಬೇಕೆಂಬ ತಳಮಳ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಕತ್ತಲೆಯನ್ನು ಪ್ರೀತಿಸತೊಡಗಿರುವುದಾಗಿ ಅವರು ನಾಯ್ನರ್ ಅವರಿಗೆ ಬರೆದರು. ಅದು ಯೇಸು ಭೂಮಿಯ ಮೇಲೆ ಉಂಡ ನೋವಿನ ಒಂದು ಸಣ್ಣ ಪಾಲೆಂದೂ, ಯಾರಿಗೂ ಬೇಡವಾಗಿ ಬೀದಿಯಲ್ಲಿ ಬಿದ್ದವರ ಒಳಗಿನ ಸ್ಥಿತಿಯೂ ಇದೇ ಎಂದೂ ಅವರು ತಿಳಿದರು. ಶಿಲುಬೆಯ ಯೊವಾನನ ವಿವರಣೆಗಿಂತ ಇದು ಭಿನ್ನ. ಯೊವಾನನಲ್ಲಿ ರಾತ್ರಿ ದಾಟಿಹೋಗುವ ಘಟ್ಟ. ತೆರೇಸಾರ ವಿಷಯದಲ್ಲಿ ಬೆಳಗಾಗಲೇ ಇಲ್ಲ.

ನಿತ್ಯಾಚರಣೆ

ಅನುಭೂತಿ ಬತ್ತಿದ್ದರೂ ಅವರ ಪ್ರಾರ್ಥನೆಯ ಕ್ರಮ ತಪ್ಪಲಿಲ್ಲ. ನಸುಕಿನಲ್ಲಿ ಎದ್ದು ಧ್ಯಾನ, ಬಲಿಪೂಜೆ, ಜಪಮಾಲೆ, ಬಳಿಕ ರೋಗಿಗಳ ಮತ್ತು ಅನಾಥರ ಸೇವೆ ಎಂಬ ದಿನಚರಿ ಕೊನೆಯವರೆಗೂ ನಡೆಯಿತು. 1973ರಿಂದ ಪರಮಪ್ರಸಾದದ ಮುಂದೆ ದಿನವೂ ಒಂದು ಗಂಟೆಯ ಆರಾಧನೆ ಅವರ ಸಭೆಯಲ್ಲಿ ರೂಢಿಗೆ ಬಂತು. ಸಭೆಯ ಪ್ರಾರ್ಥನಾಮಂದಿರಗಳಲ್ಲಿ ಶಿಲುಬೆಯ ಪಕ್ಕದಲ್ಲಿ, ಯೇಸು ತನಗೆ ದಾಹವಾಗಿದೆಯೆಂದು ನುಡಿದ ಮಾತನ್ನು ಬರೆದಿರುತ್ತಾರೆ. 1997ರ ವೇಳೆಗೆ ಸಭೆಯಲ್ಲಿ ಸುಮಾರು 4,000 ಧರ್ಮಭಗಿನಿಯರಿದ್ದು, 123 ದೇಶಗಳಲ್ಲಿ 610 ಕೇಂದ್ರಗಳಿದ್ದವು.

ಪತ್ರಗಳ ಪ್ರಕಟಣೆ ಮತ್ತು ವಿವಾದ

ಈ ಪತ್ರಗಳನ್ನು ಸುಟ್ಟುಬಿಡಬೇಕೆಂದು ತೆರೇಸಾ ಹಲವು ಬಾರಿ ಕೋರಿದ್ದರು. ಅವನ್ನು ಓದಿದ ಜನ ಯೇಸುವನ್ನು ಬಿಟ್ಟು ತಮ್ಮ ಬಗ್ಗೆ ಯೋಚಿಸುವರೆಂಬುದು ಅವರ ಅಂಜಿಕೆ. ಗುರುಗಳು ಕೋರಿಕೆಯನ್ನು ನಡೆಸಿಕೊಡಲಿಲ್ಲ. ಸಂತ ಪದವಿಯ ವಿಚಾರಣೆಗಾಗಿ ಪತ್ರಗಳು ಒಟ್ಟುಗೂಡಿದವು. ಆ ವಿಚಾರಣೆಯ ಹೊಣೆ ಹೊತ್ತಿದ್ದ ಗುರು ಬ್ರಯಾನ್ ಕೊಲೊಡೈಚುಕ್ ಅವನ್ನು ಸಂಪಾದಿಸಿ 'ಕಮ್ ಬಿ ಮೈ ಲೈಟ್' ಎಂಬ ಪುಸ್ತಕವಾಗಿ 2007ರಲ್ಲಿ ಪ್ರಕಟಿಸಿದರು. ಬರೆದವರೇ ಬೇಡವೆಂದದ್ದನ್ನು ಅಚ್ಚು ಹಾಕಿಸಿದ್ದು ಸರಿಯೇ ಎಂಬ ಪ್ರಶ್ನೆ ಸುಲಭವಾಗಿ ತೀರುವಂತಹುದಲ್ಲ.

ಪುಸ್ತಕ ಬಿಡುಗಡೆಯ ಹೊತ್ತಿಗೆ ಟೈಮ್ ಪತ್ರಿಕೆ ಒಂದು ವೈರುಧ್ಯವನ್ನು ಎತ್ತಿ ತೋರಿಸಿತು. 1979ರ ಡಿಸೆಂಬರಿನಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕಾಗಿ ಓಸ್ಲೋಗೆ ಹೋಗಿದ್ದ ತೆರೇಸಾ, ಬಡವರಲ್ಲಿಯೂ ನಾವು ಕೊಡುವ ನಗೆಯಲ್ಲಿಯೂ ಕ್ರಿಸ್ತನಿದ್ದಾನೆಂದು ಹೇಳಿದರು. ಅದಕ್ಕೆ ಮೂರು ತಿಂಗಳು ಮುಂಚೆಯಷ್ಟೇ ಗುರು ಮೈಕೆಲ್ ವಾನ್ ಡರ್ ಪೀಟರಿಗೆ ಬರೆದ ಪತ್ರದಲ್ಲಿ, ನೋಡಿದರೆ ಕಾಣದಷ್ಟು, ಆಲಿಸಿದರೆ ಕೇಳದಷ್ಟು ಶೂನ್ಯ ತಮ್ಮೊಳಗಿದೆಯೆಂದು ತೋಡಿಕೊಂಡಿದ್ದರು. ತೆರೇಸಾರ ಬಹುಕಾಲದ ಟೀಕಾಕಾರ ಕ್ರಿಸ್ಟೊಫರ್ ಹಿಚೆನ್ಸ್, ಧರ್ಮವು ಮನುಷ್ಯಕಲ್ಪಿತವೆಂಬ ಅರಿವು ಅವರಿಗೂ ತಟ್ಟಿತ್ತೆಂದು ವಾದಿಸಿದರು. ಮುಗುಳುನಗೆ ತಮ್ಮ ಪಾಲಿಗೊಂದು ಮುಸುಕೆಂದು ತೆರೇಸಾ ತಾವೇ ಬರೆದುಕೊಂಡಿದ್ದುದು ಇಂತಹ ವಾದಕ್ಕೆ ಒದಗಿತು. ವಿಶ್ವಾಸವೆಂದರೆ ಭಾವವಲ್ಲ, ಸಂಕಲ್ಪ ಎಂಬುದು ಕೊಲೊಡೈಚುಕ್ ಮೊದಲಾದವರ ಉತ್ತರ. ಪತ್ರಗಳನ್ನು ಕಾಲಾನುಕ್ರಮದಲ್ಲಿ ಓದಿದವರಿಗೆ ಇಬ್ಬರ ಮಾತಿಗೂ ಆಧಾರ ಸಿಗುತ್ತದೆ. ಆದರೆ ಸೋಗು ಹಾಕಿದರೆಂಬ ಆರೋಪ ನಿಲ್ಲುವುದು ಕಷ್ಟ. ಸೋಗು ಹಾಕುವವರು ತಮ್ಮ ಶಂಕೆಯನ್ನು ಕೈಬರಹದಲ್ಲಿ ಮೇಲಧಿಕಾರಿಗಳಿಗೆ ಕಳುಹಿಸುವುದಿಲ್ಲ.

ಪುಸ್ತಕಕ್ಕೆ ಮುನ್ನವೇ, 2003ರ ಅಕ್ಟೋಬರ್ 19ರಂದು, ಪೋಪ್ ಎರಡನೆಯ ಜಾನ್ ಪಾಲರು ತೆರೇಸಾರನ್ನು ಪುನೀತರೆಂದು ಸಾರಿದ್ದರು. ಪೋಪ್ ಫ್ರಾನ್ಸಿಸ್ 2016ರ ಸೆಪ್ಟೆಂಬರ್ 4ರಂದು ಸಂತ ಪದವಿಯನ್ನು ಘೋಷಿಸಿದರು. ಒಂದು ವೇಳೆ ತಾವು ಸಂತಳಾದರೆ ಕತ್ತಲೆಯ ಸಂತಳೇ ಆಗುವೆನೆಂದೂ, ಭೂಮಿಯ ಮೇಲೆ ಕತ್ತಲೆಯಲ್ಲಿರುವವರಿಗೆ ದೀಪ ಹಚ್ಚುವ ಸಲುವಾಗಿ ಸ್ವರ್ಗದಲ್ಲಿ ಸದಾ ಗೈರುಹಾಜರಾಗಿರುವೆನೆಂದೂ 1962ರಲ್ಲಿಯೇ ಅವರು ನಾಯ್ನರ್ ಅವರಿಗೆ ಬರೆದಿದ್ದರು.